ಜೊತೆ ಸಿಗದ ಬಿಲ್ಲೆಗಳು

ಆ ಮನೆಯಲ್ಲಿ ದುಡ್ಡಿನ ಮಾತು ಮಗನದು, ಅಡುಗೆಮನೆಯ ಮಾತು ಸೊಸೆಯದು, ಬಣ್ಣದ ಮಾತು ಮಾತ್ರ ಅಜ್ಜನದು. ಬಾಗಿಲಿಗೆ ಯಾವ ಬಣ್ಣ ಬಳಿಯಬೇಕು, ಹೊಸ ಪರದೆ ಗೋಡೆಗೆ ಒಪ್ಪುತ್ತದೋ ಇಲ್ಲವೋ, ಟೊಮೆಟೊ ಹಣ್ಣಾಗಿದೆಯೋ ಇನ್ನೂ ಒಂದು ದಿನ ಬೇಕೋ, ಎಲ್ಲದಕ್ಕೂ ಅವನೇ ನ್ಯಾಯಾಧೀಶ. ಒಮ್ಮೆ ತೀರ್ಪು ಕೊಟ್ಟನೆಂದರೆ ಅದರ ಮೇಲೆ ಅಪೀಲಿಲ್ಲ. ಇರಬೇಕಾದ್ದೇ ಬಿಡಿ. ಒಂದು ಕಾಲದಲ್ಲಿ ಆ ಬೀದಿಯ ಅಂಗಡಿ ಸಾಲಿನಲ್ಲಿ ಅವನ ಕೈಯಲ್ಲಿ ಬರೆಸಿಕೊಳ್ಳದ ಬೋರ್ಡೇ ಇರಲಿಲ್ಲ. ಈಗ ಎಲ್ಲರೂ ಯಂತ್ರದಲ್ಲಿ ಅಚ್ಚು ಹಾಕಿಸಿದ ಫ್ಲೆಕ್ಸ್ ತಂದು ತೂಗುಹಾಕಿಕೊಳ್ಳುತ್ತಾರೆ. ಅಜ್ಜನ ಮೊಣಕಾಲೂ ಏಣಿಗೆ ಕೈಮುಗಿದಿತ್ತು. ಆದರೂ ಯಾರೋ ಒಬ್ಬಿಬ್ಬರು ಹಳೆಯ ಗಿರಾಕಿಗಳು ಬೋರ್ಡನ್ನು ಇಳಿಸಿ ಮನೆಗೇ ತಂದುಕೊಡುತ್ತಿದ್ದರು.

"ಕಾಲು ಹೋದ್ರೆ ಹೋಗ್ಲಿ. ಪೇಂಟರ್ ಅಂದ್ರೆ ಕಣ್ಣು. ಅದೊಂದು ಗಟ್ಟಿಯಾಗಿದ್ರೆ ಆಯ್ತು" ಎನ್ನುತ್ತಿದ್ದ ಅಜ್ಜ. ಮೈಯಲ್ಲಿ ಉಳಿದದ್ದೆಲ್ಲ ಒಂದೊಂದಾಗಿ ಕೈಕೊಡುತ್ತಿದ್ದಾಗ ಆ ಕಣ್ಣಿನ ಜಂಬವೊಂದೇ ಅವನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಹೀಗಿರುವಾಗ ಸೊಸೆ ಒಂದು ದಿನ ಬೀದಿಯ ಮಕ್ಕಳನ್ನೆಲ್ಲ ತಂದು ಮುಂದಿನ ಕೋಣೆಯಲ್ಲಿ ಕೂರಿಸಿಕೊಂಡಳು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳು. ಎಲ್ಲರೂ ಮೂರು ನಾಲ್ಕು ವರ್ಷದ ಆಸುಪಾಸಿನವರು, ಎಲ್ಲರ ಮೂಗೂ ಸೋರುತ್ತಿತ್ತು. ಅವರ ಜೊತೆಗೆ ಅವಳದೇ ಮಗಳು, ಅಜ್ಜನ ಮುದ್ದಿನ ಮೊಮ್ಮಗಳು ಮೆಣಸಿ. ಗಾತ್ರ ಕಾಳಿನಷ್ಟು, ಖಾರ ಮಾತ್ರ ಮನೆ ತುಂಬ; ಹಾಗಾಗಿ ಅಜ್ಜನೇ ಇಟ್ಟ ಹೆಸರು ಅದು.

"ನಾಳೆಯಿಂದ ಇವರಿಗೆ ಬಣ್ಣ ಕಲಿಸ್ತೀನಿ ಮಾವ" ಅಂದಳು ಸೊಸೆ.

ಅಜ್ಜ ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವಳು ಹೆಗಲ ಮೇಲೆ ಹೊದ್ದುಕೊಂಡದ್ದು ಎಂದಿನ ಅದೇ ಶಾಲು. ಅವಳಿಗೆ ಆ ಶಾಲಿನ ಮೇಲೆ ಎಂಥ ಮೋಹವೋ, ಚಳಿಯಿರಲಿ ಇಲ್ಲದಿರಲಿ ಅದು ಮೈಮೇಲೆ ಇರಲೇಬೇಕು. ಒಲೆಯ ಬೂದಿಯನ್ನು ನೇಯ್ದು ಹೊದ್ದುಕೊಂಡ ಹಾಗೆ ಕಾಣುತ್ತಿತ್ತು ಅವನಿಗೆ.

"ನಿನ್ನ ಮೈಮೇಲೇ ಒಂದು ಬಣ್ಣ ಇಲ್ಲ. ಈ ಬೂದಿ ಶಾಲು ಹೊದ್ಕೊಂಡು ಮಕ್ಕಳಿಗೆ ಬಣ್ಣ ಕಲಿಸ್ತೀಯಾ ತಾಯಿ?" ಎಂದು ನಕ್ಕ.

ಸೊಸೆ ಶಾಲನ್ನು ಒಮ್ಮೆ ನೋಡಿಕೊಂಡಳು, ಮಾವನನ್ನು ಒಮ್ಮೆ ನೋಡಿದಳು, ಏನೋ ಹೇಳಲು ಬಾಯಿ ತೆರೆದವಳು ಸುಮ್ಮನೆ ನಕ್ಕು ಒಳಗೆ ಹೋದಳು.

ಆಟಿಕೆ ಕೊಳ್ಳುವ ಗೋಜಿಗೇ ಅವಳು ಹೋಗಲಿಲ್ಲ. ಮೊಟ್ಟೆ ಇಡುವ ರಟ್ಟಿನ ಟ್ರೇ ತಂದು ಒಂದೊಂದು ಗುಳಿಗೂ ಒಂದೊಂದು ಬಣ್ಣ ಹಚ್ಚಿದಳು. ಬಾಟಲಿ ಮುಚ್ಚಳಗಳನ್ನು ರಾಶಿ ಹಾಕಿ, ಯಾವ ಮುಚ್ಚಳ ಯಾವ ಗುಳಿಗೆ ಎಂದು ಮಕ್ಕಳನ್ನು ಬಿಟ್ಟಳು. ಹಳೆಯ ಬಟ್ಟೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು ಹಗ್ಗದ ಮೇಲೆ ಹಾಕಿ, ಅದೇ ಬಣ್ಣದ ಕ್ಲಿಪ್ಪು ಹುಡುಕಿ ಸಿಕ್ಕಿಸಿ ಎಂದಳು. ಗಾಜಿನ ಲೋಟಗಳಲ್ಲಿ ಬಣ್ಣದ ನೀರು ಮಾಡಿ, ಹಳದಿಯ ಲೋಟಕ್ಕೆ ನೀಲಿಯನ್ನು ಒಂದೇ ಒಂದು ಚಮಚ ಸುರಿದಳು. ಒಳಗೆ ಹಸಿರು ಎದ್ದು ಬಂದಾಗ ಮಕ್ಕಳು ಹೋ ಎಂದು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. ಜನ್ಮವಿಡೀ ಬಣ್ಣ ಕಲಸಿದವನು ಅಜ್ಜ. ಆ ಕಿರುಚಾಟ ಕೇಳಿ ಅವನೂ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದ.

ಎಲ್ಲಕ್ಕಿಂತ ಗದ್ದಲದ್ದು ಬಣ್ಣದ ಬೇಟೆ. ಪ್ರತಿ ಮಗುವಿನ ಮಣಿಕಟ್ಟಿಗೆ ಒಂದು ಬಟ್ಟೆ ಪಟ್ಟಿ ಕಟ್ಟುವುದು, ಅದೇ ಬಣ್ಣದ ವಸ್ತುವನ್ನು ಮನೆಯಲ್ಲಿ ಎಲ್ಲಿಂದಲಾದರೂ ಹಿಡಿದು ತರುವುದು. ಕೆಂಪು ಪಟ್ಟಿಯವಳು ಅಜ್ಜನ ಹಲ್ಲುಜ್ಜುವ ಬ್ರಷ್ ತಂದಳು. ಹಸಿರು ಪಟ್ಟಿಯವನು ಪಕ್ಕದ ಮನೆಗೇ ನುಗ್ಗಿ ಅವರ ಬಕೆಟ್ಟು ಎಳೆದುಕೊಂಡು ಬಂದ. ಮೆಣಸಿಯ ಕೈಯಲ್ಲಿ ಅಂದು ನೇರಳೆ ಪಟ್ಟಿ. ಅವಳು ಎಲ್ಲೂ ಓಡದೆ ನೆಟ್ಟಗೆ ಅಮ್ಮನ ಹತ್ತಿರ ಹೋಗಿ ಶಾಲಿನ ಅಂಚು ಹಿಡಿದು ನಿಂತಳು.

"ಭೇಷ್" ಅಂದಳು ಅವಳಮ್ಮ.

ಅಜ್ಜನಿಗೆ ಇದು ಸರಿಬರಲಿಲ್ಲ. ನೇರಳೆ ಎಲ್ಲಿ, ಬೂದಿ ಎಲ್ಲಿ! ಸ್ವಂತ ಮಗಳೆಂದು ಇಷ್ಟು ಸಲಿಗೆ ಕೊಡಬಾರದು ಎಂದುಕೊಂಡ. ಮಕ್ಕಳ ಮುಂದೆ ಏಕೆಂದು ಬಾಯಿ ಮುಚ್ಚಿಕೊಂಡ.

ಅದೊಂದು ಬಿಟ್ಟರೆ ಅವನು ದಿನದಿಂದ ದಿನಕ್ಕೆ ಸೊಸೆಗೆ ಸೋಲುತ್ತ ಬಂದ. ಅವಳಲ್ಲಿ ಒಂದು ವಿದ್ಯೆ ಇತ್ತು. ಯಾವ ಮಗುವಿಗೂ ಅವಳು 'ತಪ್ಪು' ಎಂದು ಹೇಳುತ್ತಿರಲಿಲ್ಲ. ಬಸ್ ಕಂಡಕ್ಟರನ ಮಗನೊಬ್ಬನಿದ್ದ, ಎಲ್ಲರೂ ಗುಮ್ಮಣ್ಣ ಎನ್ನುತ್ತಿದ್ದರು, ಮಾತೇ ಆಡದ ಹುಡುಗ. ಅವನು ನೀಲಿ ಮುಚ್ಚಳವನ್ನು ಹಸಿರು ಗುಳಿಯಲ್ಲಿ ಇಟ್ಟು ಹೆದರಿಕೊಂಡು ಅವಳ ಮುಖ ನೋಡುತ್ತಿದ್ದ. ಅವಳು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳುತ್ತಿದ್ದಳು: "ಅದಕ್ಕೆ ಅಲ್ಲಿ ಜೊತೆ ಸಿಕ್ತಾ, ಪುಟ್ಟಾ?" ಅಷ್ಟೇ. ಹುಡುಗ ಮತ್ತೊಮ್ಮೆ ಬಗ್ಗಿ ನೋಡುವನು, ತಲೆ ಅಲ್ಲಾಡಿಸುವನು, ತಾನೇ ಮುಚ್ಚಳ ತೆಗೆದು ನೀಲಿ ಗುಳಿಗೆ ಇಡುವನು. ಆಗ ಅವನ ಮುಖ ನೋಡಬೇಕು. ತಪ್ಪು ಮಾಡಿದವನ ಮುಖವಲ್ಲ, ಕಳೆದುಹೋದವರನ್ನು ಮನೆ ಸೇರಿಸಿದವನ ಮುಖ.

ಅಜ್ಜನ ಗುರು ಅವನಿಗೆ ಬಣ್ಣ ಕಲಿಸಿದ್ದು ಬ್ರಷ್ಷಿನ ಹಿಡಿಯಿಂದ ತಲೆಗೆ ಕುಟ್ಟಿ ಕುಟ್ಟಿ. ಅದನ್ನು ನೆನೆದು ಅವನು ತಲೆ ಸವರಿಕೊಂಡ. ಇವಳ ಕೈಯಲ್ಲಿ ಕಲಿತಿದ್ದರೆ ತಾನು ಇನ್ನೂ ಎಂಥ ಪೇಂಟರ್ ಆಗುತ್ತಿದ್ದೆನೋ ಎಂದು ಅವನಿಗೆ ನಿಜವಾಗಿಯೂ ಅನಿಸಿತು. ಬಂದವರ ಮುಂದೆಲ್ಲ ಹೇಳಿಕೊಂಡೂ ಹೇಳಿಕೊಂಡ: "ನನ್ನ ಸೊಸೆ ಇದ್ದಾಳಲ್ಲ, ತಪ್ಪು ಅನ್ನೋ ಮಾತೇ ಇಲ್ದೆ ತಪ್ಪು ತಿದ್ತಾಳೆ. ನೀವು ಬಂದು ನೋಡ್ಬೇಕು."

ಮೆಚ್ಚಿದ ಮೇಲೆ ಸುಮ್ಮನೆ ಕೂರುವ ಜೀವವಲ್ಲ ಅದು. ತಾನೂ ಒಂದು ಆಟ ಮಾಡಿಕೊಡುತ್ತೇನೆಂದು ಬಡಗಿಯ ಅಂಗಡಿಯಿಂದ ಮರದ ತುಂಡುಗಳನ್ನು ತಂದ. ಬಿಲ್ಲೆಗಳಾಗಿ ಕೊಯ್ಯಿಸಿದ್ದು, ಮಕ್ಕಳ ಕೈ ಗೀರಬಾರದೆಂದು ಅಂಚುಗಳನ್ನು ಉಜ್ಜಿ ನುಣ್ಣಗೆ ಮಾಡಿದ್ದು ಎಲ್ಲ ಅವನೇ. ಒಂದೊಂದು ಬಣ್ಣಕ್ಕೂ ಎರಡೆರಡು ಬಿಲ್ಲೆ. ಎಲ್ಲವನ್ನೂ ಕಲಸಿ ಹರಡುವುದು, ಮಕ್ಕಳು ಜೋಡಿ ಹುಡುಕುವುದು.

ಹಿತ್ತಲಿನ ಮೂಲೆಯಲ್ಲಿ ಅವನ ಹಳೆಯ ಡಬ್ಬಗಳಿದ್ದವು. ಬಣ್ಣ ಸೋರಿ ಸೋರಿ ಲೇಬಲ್ಲುಗಳು ಯಾವಾಗಲೋ ಮುಚ್ಚಿಹೋಗಿದ್ದವು.

"ಯಾವ ಡಬ್ಬದಲ್ಲಿ ಯಾವುದಿದೆ ಅಂತ ಹೇಗೆ ಗೊತ್ತಾಗುತ್ತೆ ಮಾವ?" ಎಂದು ಸೊಸೆ ಕೇಳಿದಳು.

"ಲೇಬಲ್ ಓದಿ ಬಣ್ಣ ಬಳಿಯೋನು ಪೇಂಟರ್ ಅಲ್ಲ ಕಣಮ್ಮ, ಗುಮಾಸ್ತ" ಎಂದ ಅಜ್ಜ.

ಹೊಗಳಿಕೆಗೆ ಅರ್ಹವಾದ ಕೆಲಸವೇ ಅದು. ಒಂದೊಂದು ಬಿಲ್ಲೆಗೂ ಎರಡು ಕೈ ಬಣ್ಣ, ಒಣಗಿದ ಮೇಲೆ ಮೇಲೊಂದು ಹೊಳಪು. ಒಂದು ಡಬ್ಬ ತಳ ಕಂಡರೆ ಅದೇ ಬಣ್ಣದ ಇನ್ನೊಂದನ್ನು ತೆರೆದುಕೊಂಡ. ನಡುಗುವ ಕೈ ಬ್ರಷ್ ಹಿಡಿದ ಕೂಡಲೇ ಕಲ್ಲಿನ ಹಾಗೆ ನಿಂತಿತು. ಮಕ್ಕಳ ಮುಂದೆ ಅವನ್ನು ಹರಡಿದಾಗ ಗುಮ್ಮಣ್ಣ ಕೂಡ "ಆಹಾ" ಅಂದ. ಆ ಹುಡುಗನ ಬಾಯಿಂದ ಆ ಮನೆಯಲ್ಲಿ ಹೊರಟ ಮೊದಲ ಮಾತು ಅದೇ.

ಆಟ ಶುರುವಾಯಿತು. ಕೆಂಪಿಗೆ ಕೆಂಪು ಸಿಕ್ಕಿತು, ಕಿತ್ತಳೆಗೆ ಕಿತ್ತಳೆ ಸಿಕ್ಕಿತು. ಕೊನೆಯಲ್ಲಿ ಚಾಪೆಯ ಮೇಲೆ ನಾಲ್ಕು ಬಿಲ್ಲೆಗಳು ಹಾಗೇ ಉಳಿದವು.

"ಅಜ್ಜ, ಇವಕ್ಕೆ ಜೊತೆ ಇಲ್ಲ" ಅಂದಳು ಮೆಣಸಿ.

"ಕಣ್ಣು ಬಿಟ್ಟು ನೋಡೇ. ಬಿಳಿಗೆ ಬಿಳಿ, ಕಪ್ಪಿಗೆ ಕಪ್ಪು. ಎದುರಿಗೇ ಇದೆ!"

ಮೆಣಸಿ ನೋಡಿದಳು. ಮಕ್ಕಳೆಲ್ಲ ನೋಡಿದರು. ಯಾರೂ ಜೋಡಿಸಲಿಲ್ಲ. ಮರುದಿನವೂ ಅವೇ ನಾಲ್ಕು ಉಳಿದವು, ಅದರ ಮರುದಿನವೂ ಅವೇ. ಅಜ್ಜನಿಗೆ ಮೂಗಿನ ತುದಿಯಲ್ಲೇ ಕೋಪ. "ಕುಣಿಯೋಕೆ ಬಾರದವರು ನೆಲ ಡೊಂಕು ಅಂದ್ರಂತೆ" ಎಂದು ಗೊಣಗುತ್ತ ತಾನೇ ಚಾಪೆಯ ಮೇಲೆ ಕೂತು, ಗುಮ್ಮಣ್ಣನ ಕೈ ಹಿಡಿದು ಆ ಬಿಲ್ಲೆಯನ್ನು ಈ ಬಿಲ್ಲೆಯ ಪಕ್ಕ ಇಡಿಸಿದ. ಹುಡುಗ ಎದುರಾಡಲಿಲ್ಲ. ಅವನ ಕಣ್ಣು ಮಾತ್ರ ತುಂಬಿಕೊಂಡಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಇದನ್ನು ನೋಡಿದಳು.

ಮಾರನೆಯ ಬೆಳಿಗ್ಗೆ ಬಿಲ್ಲೆಗಳ ಡಬ್ಬದಲ್ಲಿ ಆ ನಾಲ್ಕು ಇರಲಿಲ್ಲ. ಅಜ್ಜ ಮನೆಯೆಲ್ಲ ತಡಕಿದ. ಕೊನೆಗೆ ಅಡುಗೆಮನೆಯ ಮೇಲಿನ ಹಲಗೆಯ ಮೇಲೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದು ಸಿಕ್ಕಿತು. ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಏನಮ್ಮಾ ಇದು? ನನ್ನ ಕೆಲಸ ಬಚ್ಚಿಡೋ ಅಂಥದ್ದಾಯ್ತಾ?"

ಸೊಸೆ ಕೈ ಒರೆಸಿಕೊಂಡಳು. ಮಕ್ಕಳಿಗೆ ಮುಚ್ಚಳಗಳ ರಾಶಿ ಕೊಟ್ಟು, ಮಾವನನ್ನು ಹೊರಗೆ ಮೆಟ್ಟಿಲ ಮೇಲೆ ಕರೆದುಕೊಂಡು ಬಂದಳು. ಬಿಸಿಲು ಚೆನ್ನಾಗಿತ್ತು. ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಅವನು ಬಿಳಿ ಎಂದು ಜೋಡಿ ಮಾಡಿದ್ದ ಎರಡು ಬಿಲ್ಲೆಗಳನ್ನು ಮೆಟ್ಟಿಲ ಮೇಲೆ ಅಕ್ಕಪಕ್ಕ ಇಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು:

"ಇದಕ್ಕೆ ಇಲ್ಲಿ ಜೊತೆ ಸಿಕ್ತಾ, ಮಾವ?"

ಆ ಮಾತಿನ ಅರ್ಥ ಅಜ್ಜನಷ್ಟು ಚೆನ್ನಾಗಿ ಬಲ್ಲವರು ಯಾರು? ಊರಿಗೆಲ್ಲ ಅದನ್ನು ಸಾರಿಕೊಂಡು ಬಂದವನೇ ಅವನು. ಸರಿಯಾಗಿ ಇಟ್ಟ ಮಗುವಿಗೆ ಅವಳು ಎಂದೂ ಆ ಪ್ರಶ್ನೆ ಕೇಳಿರಲಿಲ್ಲ.

ಅವನು ಬಗ್ಗಿ ನೋಡಿದ. ಎರಡೂ ಒಂದೇ ಥರ ಇದ್ದವು. ಕಣ್ಣು ಉಜ್ಜಿಕೊಂಡು ನೋಡಿದ. ಒಂದೇ ಥರ ಇದ್ದವು.

"ನಿನಗೆ ಕಣ್ಣಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ!" ಎಂದು ಗದರಿ, ಬಿಲ್ಲೆಗಳನ್ನು ಜೇಬಿಗೆ ಹಾಕಿಕೊಂಡು, ಮೊಣಕಾಲಿನ ನೋವನ್ನೂ ಮರೆತು ಬೀದಿಗೆ ಇಳಿದುಬಿಟ್ಟ. ಸೊಸೆ ಹಿಂದಿನಿಂದ ಕರೆಯಲಿಲ್ಲ.

ಕೋಪದಲ್ಲಿ ಹೊರಟವರಿಗೆ ಹೋಗುವ ಜಾಗ ಒಂದು ಇರಬೇಕಲ್ಲ. ಅಜ್ಜ ಹೋದದ್ದು ಕ್ಷೌರದಂಗಡಿಗೆ. ಆ ಅಂಗಡಿಯ ಬೋರ್ಡನ್ನು ಹೋದ ವರ್ಷ ಹೊಸದಾಗಿ ಬರೆದುಕೊಟ್ಟವನು ಅವನೇ. ಕ್ಷೌರಿಕ ಅವನ ಹಳೆಯ ಗೆಳೆಯ, ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತಿರುವಂಥ ಸ್ನೇಹ. ಅವನು ಒಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. ಅಜ್ಜ ಬಿಲ್ಲೆಗಳನ್ನು ಕನ್ನಡಿಯ ಮುಂದೆ ಕುಕ್ಕಿದ.

"ಇವೆರಡೂ ಯಾವ ಬಣ್ಣ, ಹೇಳು."

ಕ್ಷೌರಿಕ ತಿರುಗಿ ನೋಡಿದ. "ಇದು ಬಿಳಿ. ಇದು ಹಳದಿ, ತೆಳು ಹಳದಿ. ಯಾಕೆ?"

ಅಜ್ಜ ಬಿಲ್ಲೆಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಬಾಗಿಲ ಕಡೆ ತಿರುಗಿ ಕೇಳಿದ: "ಹೊರಗಿನ ಬೋರ್ಡು?"

ಕ್ಷೌರಿಕ ಬ್ರಷ್ಷನ್ನು ಬಟ್ಟಲಲ್ಲಿ ಇಟ್ಟ. ಅವನ ಮುಖದಲ್ಲಿ ಸಂಕೋಚ. "ಈಗ ಯಾಕಪ್ಪ ಆ ಮಾತು?"

"ಹೇಳೋ."

"ನಾನು ಕೇಳಿದ್ದು ಬಿಳಿ ಮೇಲೆ ನೀಲಿ ಅಕ್ಷರ. ನೀನು ಬರೆದುಕೊಟ್ಟಿದ್ದು ಹಳದಿ ಮೇಲೆ ಹಸಿರು. ಚೆನ್ನಾಗೇ ಇದೆ ಬಿಡು. ಇಷ್ಟು ವರ್ಷ ಬರೆದ ಕೈ, ಏನೋ ಯೋಚನೆ ಮಾಡೇ ಬರೆದಿರ್ತಾನೆ ಅನ್ಕೊಂಡೆ. ನಿನಗೆ ಎದುರು ಹೇಳೋಕಾಗುತ್ತಾ?"

ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದವನು ಕೂಡ ಕನ್ನಡಿಯಲ್ಲಿ ಅಜ್ಜನ ಮುಖ ನೋಡಿ ಕಣ್ಣು ಕೆಳಗೆ ಹಾಕಿಕೊಂಡ. ಅವನಿಗೂ ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು. ದೊಡ್ಡವರು ಮರ್ಯಾದೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಮರ್ಯಾದೆ ಅಜ್ಜನಿಗೆ ಈಗ ಎಂಥ ಅವಮಾನವಾಗಿ ಕಂಡಿತೆಂದರೆ, ಅಲ್ಲೇ ನೆಲ ಬಾಯಿಬಿಡಬಾರದೇ ಅನಿಸಿತು.

ವಾಪಸು ಬರುವಾಗ ಅವನು ಪ್ರತಿ ಅಂಗಡಿಯ ಮುಂದೆಯೂ ನಿಂತ. ಇದು ನೀಲಿಯೋ, ಹಸಿರೋ? ಇದು ಕಪ್ಪೋ, ಮತ್ತೇನೋ? ಜನ್ಮವೆಲ್ಲ ಹೆಸರು ಹಿಡಿದು ಕರೆದ ಬಣ್ಣಗಳು ಗುರುತು ಸಿಗದ ನೆಂಟರ ಹಾಗೆ ಅವನನ್ನು ನೋಡುತ್ತಿದ್ದವು. ಕಣ್ಣು ಹೋದ ಪೇಂಟರನಿಗೆ ಏನೆನ್ನುತ್ತಾರೆ? ಮುದುಕ ಎನ್ನುತ್ತಾರೆ, ಅಷ್ಟೇ. ಅವನಿಗೆ ಅಳು ಬಂತು. ಬೀದಿಯೆಂದು ನುಂಗಿಕೊಂಡ.

ಹೀಗೆ ನಡೆಯುತ್ತಿದ್ದಾಗಲೇ ಇನ್ನೊಂದು ಮಾತೂ ತಲೆಗೆ ಬಂತು. ಇಷ್ಟು ಜನರಲ್ಲಿ ಅವನಿಗೆ ನಿಜ ಹೇಳಿದವರು ಯಾರು? ಮೂಗು ಸೋರುವ ಮಕ್ಕಳು. ಆಮೇಲೆ ಅವಳು. ಅದೂ ಹೇಗೆ? ನಾಲ್ಕು ಜನರ ಮುಂದಲ್ಲ, ಮಗನ ಕೈಲಿ ಹೇಳಿಸಲಿಲ್ಲ, ನಿಮಗೆ ಕಣ್ಣು ಕಾಣುವುದಿಲ್ಲ ಎನ್ನಲಿಲ್ಲ. ಗುಮ್ಮಣ್ಣನ ಪಕ್ಕ ಕೂರುವ ಹಾಗೆ ಪಕ್ಕದಲ್ಲಿ ಕೂತು, ಮತ್ತೊಮ್ಮೆ ನೋಡಲು ಜಾಗ ಬಿಟ್ಟು ಕೇಳಿದಳು. ಅಜ್ಜ ಬೀದಿಯ ನಡುವೆ ನಿಂತುಬಿಟ್ಟ. ಎಂಥ ಹುಡುಗಿ ಇವಳು! ತಾನು ಇಷ್ಟು ದಿನ ಮೆಚ್ಚಿದ್ದು ಸಾಲದಾಗಿತ್ತು ಅನಿಸಿತು.

ಮನೆಗೆ ಬಂದಾಗ ಬಣ್ಣದ ಬೇಟೆ ನಡೆದಿತ್ತು. ಅಜ್ಜ ಚಪ್ಪಲಿ ಬಿಟ್ಟು, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಚಾಪೆಯ ಮೇಲೆ ಕೂತ. ಮಕ್ಕಳು ಆಟ ನಿಲ್ಲಿಸಿದರು. ಅವನು ಸೊಸೆಯ ಕಡೆ ಮಣಿಕಟ್ಟು ಚಾಚಿದ.

"ನಂಗೂ ಒಂದು ಪಟ್ಟಿ ಕಟ್ಟಮ್ಮ."

ಅವಳು ಕಟ್ಟಿದಳು.

"ಯಾವ ಬಣ್ಣ ಇದು?" ಎಂದು ಅಜ್ಜ ಕೇಳಿದ್ದು ಸೊಸೆಯನ್ನಲ್ಲ, ಗುಮ್ಮಣ್ಣನನ್ನು.

ಹುಡುಗ ಮೊದಲು ಹೆದರಿದ. ಅಜ್ಜ ಕಾದ. "ನೀಲಿ" ಎಂದ ಹುಡುಗ, ಪಿಸುಮಾತಿನಲ್ಲಿ.

"ನನಗೆ ಸರಿಯಾಗಿ ಕಾಣಲ್ಲ ಕಣೋ. ನಿನ್ನೆ ನಿನ್ನ ಕೈಯಲ್ಲಿ ತಪ್ಪು ಜೋಡಿ ಇಡಿಸಿದ್ದೂ ನಾನೇ. ನಿಂದೇ ಸರಿ. ಬಾ, ನನ್ನ ಜೊತೆ ಹುಡುಕು."

ಗುಮ್ಮಣ್ಣ ಎದ್ದುಬಂದು ಅಜ್ಜನ ಬೆರಳು ಹಿಡಿದುಕೊಂಡ. ಇಬ್ಬರೂ ಮನೆಯೆಲ್ಲ ಸುತ್ತಿದರು. ಅಜ್ಜ ಮುಟ್ಟಿದ್ದಕ್ಕೆಲ್ಲ ಹುಡುಗ ತಲೆ ಅಲ್ಲಾಡಿಸುತ್ತಿದ್ದ. ಅಜ್ಜ ನಾಲ್ಕನೆಯದೋ ಐದನೆಯದೋ ಸಲ ಎಡವಿದಾಗ ಮೆಣಸಿ ಹಿಂದಿನಿಂದ ಬಂದು ಅವನ ಬೆನ್ನು ತಟ್ಟಿ, "ಪರವಾಗಿಲ್ಲ ಅಜ್ಜ, ಇನ್ನೊಂದ್ಸಲ ನೋಡು" ಎಂದಳು. ಅಜ್ಜ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ಆಸ್ಪತ್ರೆಗೆ ತೋರಿಸಲು ಹೋದಾಗ ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. "ಹಳೇ ಕಿಟಕಿ ಗಾಜಿನ ಹಾಗೆ ಹಳದಿಯಾಗಿದೆ ಅಜ್ಜ. ನಿಧಾನವಾಗಿ ಬರೋದ್ರಿಂದ ನಿಮಗೆ ಗೊತ್ತೇ ಆಗಿಲ್ಲ. ತೆಗೆದುಬಿಟ್ರೆ ಸರಿಹೋಗುತ್ತೆ. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು."

ಅಜ್ಜ ಹೆದರಿದ. ಹೆದರಿದ್ದು ನೋವಿಗಲ್ಲ, ಸರಿಹೋಗದಿದ್ದರೆ ಎಂಬುದಕ್ಕೆ. ಆಪರೇಷನ್ನಿನ ದಿನ ಮಗ ಬಸ್ಸು ಓಡಿಸುವ ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ಆದರೂ ಅಜ್ಜ ಬಾಗಿಲ ತನಕ ಹಿಡಿದುಕೊಂಡದ್ದು ಸೊಸೆಯ ಕೈಯನ್ನೇ.

"ಕೆಟ್ಟರೆ ಏನು ಮಾಡೋದಮ್ಮ?"

"ಗುಮ್ಮಣ್ಣ ಇದಾನಲ್ಲ ಮಾವ. ಬಣ್ಣ ಹೇಳ್ತಾನೆ, ನೀವು ಬಳೀರಿ" ಎಂದಳು ಅವಳು. ತಮಾಷೆಯಾಗಿ ಹೇಳಲಿಲ್ಲ, ಯೋಚಿಸಿಯೇ ಇಟ್ಟುಕೊಂಡಿದ್ದ ಹಾಗೆ ಹೇಳಿದಳು. ಅಜ್ಜನಿಗೆ ಅರ್ಧ ಭಯ ಅಲ್ಲೇ ಇಳಿಯಿತು.

ಕಣ್ಣಿನ ಪಟ್ಟಿ ಬಿಚ್ಚಿದ್ದು ಮಾರನೆಯ ದಿನ. ಮೊದಲು ಕಂಡದ್ದು ಆಸ್ಪತ್ರೆಯ ಗೋಡೆ. ಅದು ಬಿಳಿ ಇತ್ತು. ಎಂಥ ಬಿಳಿ! ಎಷ್ಟೋ ವರ್ಷಗಳಿಂದ ಅವನು ನೋಡಿರದ, ಬಿಳಿ ಹೀಗಿರುತ್ತದೆ ಎಂಬುದನ್ನೇ ಮರೆತಿದ್ದ ಬಿಳಿ. ಅವನು ಹೊಸ ಕಣ್ಣು ಮುಚ್ಚಿ ಹಳೆಯ ಕಣ್ಣಲ್ಲಿ ನೋಡಿದ: ಗೋಡೆಗೆ ಯಾರೋ ಹೊಗೆ ಹಿಡಿಸಿದ್ದರು. ಹಳೆಯದನ್ನು ಮುಚ್ಚಿ ಹೊಸದರಲ್ಲಿ ನೋಡಿದ: ಬಿಳಿ. ಹೀಗೇ ಮುಚ್ಚಿ ತೆರೆದು ಮಾಡುತ್ತಿದ್ದವನನ್ನು ಕಂಡು ನರ್ಸಮ್ಮ, "ಯಾರಿಗೆ ಅಜ್ಜ ಕಣ್ಣು ಹೊಡೀತಿದೀರಿ?" ಎಂದು ನಕ್ಕಳು.

ಮನೆಯಲ್ಲಿ ಮಕ್ಕಳು ಕಾಯುತ್ತಿದ್ದರು. ಅಜ್ಜ ಕುರ್ಚಿಯಲ್ಲಿ ಕೂತು, ಮೊದಲು ಆ ನಾಲ್ಕು ಬಿಲ್ಲೆಗಳನ್ನು ತರಿಸಿದ. ಕಪ್ಪಿಗೆ ಕಪ್ಪು ಎಂದು ಹಟ ಹಿಡಿದಿದ್ದ ಜೋಡಿಯಲ್ಲಿ ಒಂದು ಕಡುನೀಲಿ. ಬಿಳಿಗೆ ಬಿಳಿ ಎಂದದ್ದರಲ್ಲಿ ಒಂದು, ಕ್ಷೌರಿಕ ಹೇಳಿದ ಹಾಗೆ, ಹಳದಿಯೇ. "ಈ ಕಣ್ಣಿಗೆ ಜೋಡಿ" ಎಂದ ಒಂದು ಕಣ್ಣು ಮುಚ್ಚಿ. "ಈ ಕಣ್ಣಿಗೆ ಒಂಟಿ" ಎಂದ ಇನ್ನೊಂದು ಮುಚ್ಚಿ. ಮಕ್ಕಳಿಗೆ ಇದು ಹೊಸ ಆಟ. ಎಲ್ಲರೂ ಒಂದೊಂದು ಕಣ್ಣು ಮುಚ್ಚಿಕೊಂಡು ಮನೆಯೆಲ್ಲ ಓಡಾಡತೊಡಗಿದರು. ಒಬ್ಬಳು ಬಾಗಿಲಿಗೆ ಡಿಕ್ಕಿ ಹೊಡೆದಳು.

ಗಲಾಟೆ ಕೇಳಿ ಸೊಸೆ ಒಳಗಿನಿಂದ ಬಂದಳು.

ಅಜ್ಜ ತಲೆಯೆತ್ತಿದವನು ಹಾಗೇ ನೋಡುತ್ತ ಉಳಿದ. ಅವಳ ಹೆಗಲ ಮೇಲೆ ಎಂದಿನ ಶಾಲು ಇತ್ತು. ನೂಲು ಅದೇ, ಅಂಚು ಅದೇ, ಮೂಲೆಯಲ್ಲಿ ಹೊಲಿದ ತೇಪೆಯೂ ಅದೇ. ಬೂದಿ ಮಾತ್ರ ಎಲ್ಲೂ ಇರಲಿಲ್ಲ. ಅದು ನೇರಳೆ. ಕಳಿತ ನೇರಳೆ ಹಣ್ಣನ್ನು ಹಿಂಡಿ ಅದ್ದಿದ ಹಾಗೆ, ನೋಡಿದಷ್ಟೂ ಆಳಕ್ಕೆ ಹೋಗುವ ನೇರಳೆ. ಮನೆಯಲ್ಲಿದ್ದ ಬಣ್ಣಗಳಲ್ಲೆಲ್ಲ ಅದರಷ್ಟು ಚೆಂದದ್ದು ಇನ್ನೊಂದಿರಲಿಲ್ಲ, ಅದು ದಿನವೂ ಅವನ ಕಣ್ಣೆದುರೇ ಓಡಾಡಿಕೊಂಡಿತ್ತು.

"ಇದನ್ನ ಯಾವಾಗ ತಗೊಂಡೆ ತಾಯಿ?" ಎಂದ, ಕೇಳಿಯೂ ಕೇಳಿಸದಂಥ ದನಿಯಲ್ಲಿ.

"ಮೆಣಸಿ ಹುಟ್ಟೋಕೆ ಮುಂಚೆ, ಮಾವ."

"ಬೂದಿ ಅಂತ ಅಷ್ಟು ಸಲ ಆಡ್ಕೊಂಡೆನಲ್ಲ. ನೇರಳೆ ಅಂತ ಒಂದು ಸಲನಾದ್ರೂ ಯಾಕೆ ಹೇಳ್ಲಿಲ್ಲ?"

ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಮೊದಲು ತಮಾಷೆ ಅನ್ಕೊಂಡೆ. ಆಮೇಲೆ ನಿಮಗೆ ಹಾಗೇ ಕಾಣ್ತಿದೆ ಅಂತ ಗೊತ್ತಾಯ್ತು. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಮಾವ. ಅದಕ್ಕೇ ದಿನಾ ಇದನ್ನೇ ಹೊದ್ಕೊಳ್ತಿದ್ದೆ. ಒಂದು ದಿನ ನೀವೇ ನೋಡಿ, ಏನೋ ಹೆಚ್ಚುಕಡಿಮೆ ಆಗಿದೆ ಅಂತ ಕೇಳ್ತೀರೇನೋ ಅಂತ."

ಮೆಣಸಿ ಅಮ್ಮನ ಶಾಲಿನ ಅಂಚು ಹಿಡಿದುಕೊಂಡು, ನೇರಳೆ ಪಟ್ಟಿಯ ದಿನ ನಿಂತಿದ್ದ ಹಾಗೇ ನಿಂತು ಅವನನ್ನು ನೋಡುತ್ತಿದ್ದಳು.

"ಜೊತೆ ಸಿಕ್ತಾ ಅಜ್ಜ?" ಎಂದಳು.

"ಸಿಕ್ತು ಕಣೇ" ಎಂದ ಅಜ್ಜ, ಸೊಸೆಯನ್ನೇ ನೋಡುತ್ತ.